ಎಂಟನೆಯವನ ನಮಸ್ಕಾರ

ಕೊಯಮತ್ತೂರು
11 ಫೆಬ್ರವರಿ 2007

ಪ್ರೀತಿಯ ಅಣ್ಣನಿಗೆ,

ಕಾಗದ ತಡವಾಯಿತೆಂದು ನೀನು ಬೈಯುವ ಮೊದಲು ನಾನೇ ಬೈದುಕೊಂಡಿದ್ದೇನೆ, ಆದ್ದರಿಂದ ಆ ಕೆಲಸ ಮುಗಿಯಿತು. ಕೈಯಲ್ಲಿ ಮೊಬೈಲ್ ಇಟ್ಟುಕೊಂಡು ಕಾಗದ ಬರೆಯುತ್ತಾಳೆ ಎಂದು ಹಾಸ್ಟೆಲಿನವರು ನಗುತ್ತಾರೆ. ಸ್ಕೂಲಲ್ಲಿ ತಮಿಳು ಓದುತ್ತಿದ್ದವಳನ್ನು ಸಂಜೆ ಕೂರಿಸಿಕೊಂಡು ಕನ್ನಡ ತಿದ್ದಿಸಿದವನು ನೀನು, ಆ ಅಕ್ಷರ ಕೈಬಿಟ್ಟು ಹೋಗಬಾರದೆಂದು ಈ ಕಾಗದದ ಹರಕೆ ಹೊರಿಸಿದವನೂ ನೀನು. ಇದನ್ನೆಲ್ಲ ಅವರಿಗೆ ಎಲ್ಲಿ ಬಿಡಿಸಿ ಹೇಳಲಿ?

ಸಂತೋಷದ ಸುದ್ದಿ. ನಾವು ಮಾಡಿರುವ ಮಿಷನ್ನನ್ನು ಮೊದಲು ಕೊಳ್ಳುವವರು ಯಾರು ಗೊತ್ತಾ? ನಿಮ್ಮ ಫ್ಯಾಕ್ಟರಿ! ಒಂದು ಹೆಲ್ಮೆಟ್ ಇರುತ್ತದೆ. ತಲೆಗೆ ಹಾಕಿಕೊಂಡರೆ ಕಣ್ಣ ಮುಂದೆ ತಗಡು ಒತ್ತುವ ನಿಮ್ಮ ಪ್ರೆಸ್ ಶಾಪ್ ಬಂದು ನಿಲ್ಲುತ್ತದೆ. ತಲೆ ತಿರುಗಿಸಿದ ಕಡೆ ಆ ಕಡೆಯ ಗೋಡೆ, ಆ ಕಡೆಯ ಮಿಷನ್. ಕೈಗೆ ತಂತಿ ಹೊಲಿದ ಗ್ಲೌಸು. ನಿನ್ನ ಕೈ ಆಡಿದ ಹಾಗೆ ಅಲ್ಲಿಯ ಕೈಯೂ ಆಡುತ್ತದೆ. ಹೊಸ ಹುಡುಗರು ಬೆರಳು ಕಳೆದುಕೊಳ್ಳದೆ ಕೆಲಸ ಕಲಿಯಲಿ ಎಂದು ಇದು. ನಿನ್ನ ಪಕ್ಕದ ಮಿಷನ್ನಿನ ಮುತ್ತರಾಯಪ್ಪನ ಕೈ ನೋಡಿದಾಗಿನಿಂದ ನನ್ನ ತಲೆಯಲ್ಲಿ ಇದೇ ಇತ್ತು.

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ಪಳಗಿದ ಆಪರೇಟರುಗಳು ಹೇಗೆ ನಿಲ್ಲುತ್ತಾರೆ, ಎಲ್ಲಿ ನೋಡುತ್ತಾರೆ ಎಂದು ನಮ್ಮ ಮಿಷನ್ ಮೊದಲು ಕಲಿಯಬೇಕು. ಮುಂದಿನ ತಿಂಗಳು ಹೆಲ್ಮೆಟ್ ತರುತ್ತೇವೆ. ನಿಮ್ಮ ಟ್ರೈನಿಂಗ್ ಆಫೀಸರ್ ಯತಿರಾಜ್ ಹೇಳಿದರು, ಹುಡುಗರು ಹೆದರಿಕೊಂಡು ಒಬ್ಬರೂ ಮುಂದೆ ಬರುತ್ತಿಲ್ಲವಂತೆ. ನೀನು ಕೂತರೆ ಎಲ್ಲರೂ ಕೂರುತ್ತಾರೆ. ಇದು ಪರೀಕ್ಷೆಯಲ್ಲ, ಅಣ್ಣ. ಹೆಸರು ಬರೆಯುವುದಿಲ್ಲ, ಮುಖ ಹಿಡಿಯುವುದಿಲ್ಲ. ಒಂದನೆಯವರು, ಎರಡನೆಯವರು, ಅಷ್ಟೇ. ಅದಕ್ಕೆ ನಾನು ಜವಾಬ್ದಾರಿ.

ನನ್ನ ಪರೀಕ್ಷೆಯ ದಿನಗಳಲ್ಲಿ ಜಾಮಿಟ್ರಿ ಬಾಕ್ಸನ್ನು ಕಣ್ಣಿಗೊತ್ತಿಕೊಂಡು ಎರಡು ಸಲ ಟಕ್ ಟಕ್ ಎಂದು ತಟ್ಟಿ ಕೊಡುತ್ತಿದ್ದೆಯಲ್ಲ? ನನ್ನ ಮಿಷನ್ನಿಗೂ ಹಾಗೇ ತಟ್ಟಬೇಕು. ನಿನ್ನ ಕೈ ಬಿದ್ದರೆ ಅದು ಪಾಸಾಗುತ್ತದೆ.

ಅಮ್ಮನಿಗೂ ಅತ್ತಿಗೆಗೂ ನನ್ನ ನೆನಪು ಹೇಳು.

ನಿನ್ನ ತಂಗಿ,
ಕೋಮಲಾ


ಹೊಸೂರು
19 ಫೆಬ್ರವರಿ 2007

ಕೋಮಲಾಗೆ,

ನಿನ್ನ ಹರಕೆಯ ಕಾಗದ ಬಂತು. ಅಮ್ಮನಿಗೆ ಓದಿ ಹೇಳಿದೆ. ಹೆಲ್ಮೆಟ್ ಹಾಕಿಕೊಂಡರೆ ಇಲ್ಲದ ಮಿಷನ್ ಕಾಣುತ್ತದೆ ಎಂದಾಗ, "ನಿಮ್ಮಪ್ಪನೂ ಅಂಗೇಯ, ಒಸಿ ಹಾಕ್ಕಂಡ್ರೆ ಇಲ್ದಿದ್ದೆಲ್ಲಾ ಕಾಣೋದು" ಅಂದಳು. ನಿನ್ನ ಒಂದು ವರ್ಷದ ದುಡಿಮೆಗೆ ನಮ್ಮಮ್ಮ ಇಂದ್ರಮ್ಮನ ಸರ್ಟಿಫಿಕೇಟ್ ಇದು, ಜೋಪಾನವಾಗಿ ಇಟ್ಟುಕೋ.

ನಾನು ಕೂರುತ್ತೇನೆ. ಆದರೆ ಒಂದು ಮಾತು ತಿಳಿದುಕೊಳ್ಳಬೇಕಾಗಿತ್ತು. ಆ ಹೆಲ್ಮೆಟ್ ಒಳಗಿನಿಂದ ಏನೇನು ನೋಡುತ್ತದೆ? ಕಣ್ಣನ್ನು ನೋಡುತ್ತದಾ? ಸುಮ್ಮನೆ ಕೇಳಿದೆ. ಹುಡುಗರು ಕೇಳುತ್ತಾರಲ್ಲ, ಉತ್ತರ ಗೊತ್ತಿರಲಿ ಎಂದು.

ಈ ವರ್ಷ ನಮ್ಮನ್ನು ಪರ್ಮನೆಂಟ್ ಮಾಡುವ ಮಾತು ನಡೆಯುತ್ತಿದೆ. ಇಷ್ಟು ವರ್ಷ ಕಾಂಟ್ರಾಕ್ಟ್ ಎಂದು ಕರೆಸಿಕೊಂಡಿದ್ದು ಸಾಕಾಗಿದೆ. ನಿನ್ನ ಅತ್ತಿಗೆ ವೆಂಕಟಲಕ್ಷ್ಮಿ ಈಗಲೇ ಮುನೇಶ್ವರನಿಗೆ ಕೋಳಿ ಹೇಳಿಕೊಂಡಿದ್ದಾಳೆ, ಕೋಳಿಗೆ ಮಾತ್ರ ಇನ್ನೂ ವಿಷಯ ಗೊತ್ತಿಲ್ಲ.

ತಟ್ಟುವ ವಿಷಯ ಬರೆದಿದ್ದೀಯ. ಅದನ್ನು ನಾನು ದಿನಾ ಮಾಡುತ್ತೇನಮ್ಮ. ಶಿಫ್ಟ್ ಶುರುವಾಗುವ ಮೊದಲು ಪ್ರೆಸ್ಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅದರ ಮುಂದಿನ ಕಬ್ಬಿಣದ ಗಾರ್ಡಿನ ಮೇಲೆ ಎರಡು ಸಲ ತಟ್ಟಿದ ಮೇಲೇ ಗುಂಡಿ ಒತ್ತುವುದು. ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಎಲ್ಲರೂ ಮಾಡುತ್ತಾರೆ, ತಟ್ಟುವುದು ನನ್ನದೊಂದೇ. ಅದಕ್ಕೇ ಶಾಪಿನಲ್ಲಿ ನನ್ನ ಹೆಸರು ಪೂಜಾರಿ. ನಿನ್ನ ಮಿಷನ್ನಿಗೂ ಮಾಡುತ್ತೇನೆ, ಕೈಗೆ ಸಿಕ್ಕುವುದಾದರೆ.

ಕಾಗದ ತಡವಾದರೆ ಬೈಯಬೇಡ. ಸಾನಮಾವು ಹತ್ತಿರ ಆನೆ ಇಳಿದು ಉದ್ದನಪಲ್ಲಿ ಬಸ್ಸೇ ನಿಂತಿದೆ. ಪೋಸ್ಟ್‌ಮ್ಯಾನ್‌ಗೂ ಅದೇ ಒಂದು ನೆಪ. ಮೊನ್ನೆ ಬಾಗಿಲ ಪಕ್ಕದ ನೀರಿನ ಕೊಡ ಎಡವಿ ಒಡೆದೆ, ಎಡಗಡೆ ಇದ್ದದ್ದು ಕಾಣಲೇ ಇಲ್ಲ. ಅಮ್ಮ ಇನ್ನೂ ಗೊಣಗುತ್ತಿದ್ದಾಳೆ.

ಅಣ್ಣ,
ಭೈರೇಶ


ಕೊಯಮತ್ತೂರು
25 ಮಾರ್ಚ್ 2007

ಪ್ರೀತಿಯ ಅಣ್ಣನಿಗೆ,

ಹೊಸೂರಿಗೆ ಬಂದು ನಿಮ್ಮ ಜೊತೆ ಒಂದು ಊಟ ಮಾಡಿ ಓಡಿಬಂದೆ, ಅಮ್ಮನಿಗೆ ಕೋಪ ಇಳಿದಿದೆಯಾ? ನೀನು ಕೂತಿದ್ದರಿಂದ ಹದಿನಾಲ್ಕು ಮಂದಿಯೂ ಕೂತರು. ಯತಿರಾಜ್ ಬಾಯಿತುಂಬ ಹೇಳಿದರು. ನಿನ್ನ ಸರದಿಯಲ್ಲಿ ನಾನು ಅಲ್ಲಿರಲಿಲ್ಲ. ಯಾರು ಎಷ್ಟನೆಯವರು ಎಂದು ನಮಗೆ ಗೊತ್ತಾಗಬಾರದೆಂದು ನಮ್ಮನ್ನು ಹೊರಗೆ ಕಳಿಸಿದ್ದರು. ಆ ನಿಯಮ ಮಾಡಿಸಿದ್ದೇ ನಾನು. ತಟ್ಟಿದೆಯಾ?

ಮನೆಯ ಬಾಗಿಲಲ್ಲಿ ನಿಂತು ಇನ್ನೊಂದು ಸಲ ಕೇಳಿದೆಯಲ್ಲ, ಕಣ್ಣನ್ನು ನೋಡುತ್ತದಾ ಎಂದು. ನಾನು ಹೇಳಿದ್ದು ನಿಜ, ನೋಡುವುದಿಲ್ಲ. ತಲೆ ಎತ್ತ ತಿರುಗಿತು, ಕೈ ಎತ್ತ ಹೋಯಿತು, ಎಷ್ಟು ಹೊತ್ತಿಗೆ ಹೋಯಿತು, ಅಷ್ಟೇ. ನನ್ನ ಪಾಲಿಗೆ ಬಂದಿರುವುದು ತಲೆಯ ಲೆಕ್ಕ. ಬರೀ ಗೆರೆ, ಬರೀ ಅಂಕಿ. ಕೈಯ ಕಡೆ ಬೇರೆಯವರು ನೋಡುತ್ತಿದ್ದಾರೆ.

ಆದರೆ ಆ ಗೆರೆಯಲ್ಲೇ ಒಂದು ಚಮತ್ಕಾರ ಸಿಕ್ಕಿದೆ! ಎಂಟನೆಯವರು ಯಾರೋ, ಮಿಷನ್ ತೋರಿಸುವ ಅಪಾಯ ಬಲಗಡೆ ಬಂದರೆ ತಲೆ ಅಲ್ಲಾಡಿಸದೆ ಕೈ ನಿಲ್ಲಿಸುತ್ತಾರಂತೆ. ಎಡಗಡೆ ಬಂದರೆ ಮಾತ್ರ ತಲೆಯನ್ನು ಪೂರ್ತಿ ತಿರುಗಿಸಿ ನೋಡುತ್ತಾರೆ, ಅದೂ ತಡವಾಗಿ. ಎರಡು ಸಲ ನೋಡಲೇ ಇಲ್ಲ. ಅವರ ಎಡಗಣ್ಣು ಹೋಗಿದೆ ಎಂದು ನಾನು ಪಂದ್ಯ ಕಟ್ಟುತ್ತೇನೆ. ಕಣ್ಣನ್ನೇ ನೋಡದೆ ಕಣ್ಣಿನ ಕಾಯಿಲೆ ಹಿಡಿದೆವು, ಅಣ್ಣ! ನಮ್ಮ ಶ್ರೀನಿವಾಸ್ ಸಾರ್ ಕುರ್ಚಿ ಬಿಟ್ಟು ಎದ್ದುಬಂದು ನೋಡಿದರು. ಕಂಪನಿ ಅವರದ್ದೇ, ಯಾರಿಗೂ ಸುಲಭಕ್ಕೆ ಭೇಷ್ ಅನ್ನುವವರಲ್ಲ. ನನಗೆ ಅಂದರು.

ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಕೋಮಲಾ


ಹೊಸೂರು
1 ಏಪ್ರಿಲ್ 2007

ಕೋಮಲಾಗೆ ಅಣ್ಣನ ಆಶೀರ್ವಾದ.

ನಿಮ್ಮ ಸಾರ್ ಭೇಷ್ ಅಂದದ್ದನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಉಳಿದದ್ದು ಓದಲಿಲ್ಲ, ಅವಳಿಗೆ ಅರ್ಥವಾಗುವುದಿಲ್ಲ.

ತಟ್ಟಿದೆ. ಮುಟ್ಟಿ ಕಣ್ಣಿಗೊತ್ತಿಕೊಂಡೆ, ಎರಡು ಸಲ ತಟ್ಟಿದೆ. ಕೈಗೆ ಏನೂ ಸಿಗಲಿಲ್ಲ. ಗಾಳಿಯನ್ನು ತಟ್ಟಿದ ಹಾಗಾಯಿತು. ಆದರೂ ನೀನು ಹೇಳಿದ್ದೆ, ಮಾಡಿದೆ.

ಒಂದು ವಿಚಾರ. ಆ ಎಂಟನೆಯವನದು ಅಂತ ಬರೆದಿದ್ದೀಯಲ್ಲ, ಅವನ ಲೆಕ್ಕವನ್ನು ತೆಗೆದುಹಾಕಲು ಆಗುತ್ತದಾ? ಹದಿಮೂರು ಮಂದಿಯದು ಸಾಲದಾ ನಿನ್ನ ಮಿಷನ್ನಿಗೆ? ಯಾರೋ ಏನೋ, ಹೆಂಡತಿ ಮಕ್ಕಳು ಇರುವವನು. ನೀನು ಕರೆದೆ ಎಂದು ಬಂದು ಕೂತ. ಪರೀಕ್ಷೆಯಲ್ಲ ಎಂದು ನಂಬಿ ಕೂತ. ಪರ್ಮನೆಂಟ್ ಆಗುವ ಕಾಲದಲ್ಲಿ ಇಂಥ ಮಾತು ಎದ್ದರೆ ಅವನ ಗತಿ ಏನು?

ಇನ್ನೊಂದು. ನೀನು ಪ್ರೆಸ್ ಓಡಿಸಿಲ್ಲ, ಅದಕ್ಕೆ ಹೇಳುತ್ತೇನೆ. ಎರಡು ಕೈಯಲ್ಲಿ ಎರಡು ಗುಂಡಿ ಒತ್ತಿದರೆ ಮಾತ್ರ ಅದು ಇಳಿಯುವುದು. ಕೈ ಎರಡೂ ಗುಂಡಿಯ ಮೇಲಿದ್ದರೆ ಡೈ ಅಚ್ಚಿನ ಒಳಗೆ ಇರಲು ಮೂರನೆಯ ಕೈ ಬೇಕು. ಕಣ್ಣು ಸ್ವಲ್ಪ ಮಂಜಾದವನು ಮಿಕ್ಕವರಿಗಿಂತ ಜಾಸ್ತಿ ಹುಷಾರಾಗಿರುತ್ತಾನೆ. ತಲೆ ಪೂರ್ತಿ ತಿರುಗಿಸುತ್ತಾನೆ ಅಂದೆಯಲ್ಲ, ಅದು ಹುಷಾರು ಕಣಮ್ಮ.

ಆದಷ್ಟು ಬೇಗ ಬರೆ. ಈ ಸಲ ತಡಮಾಡಬೇಡ.

ಭೈರೇಶ


ಕೊಯಮತ್ತೂರು
9 ಏಪ್ರಿಲ್ 2007

ಪ್ರೀತಿಯ ಅಣ್ಣನಿಗೆ,

ನಿನ್ನದು ಬೆಣ್ಣೆಯಂಥ ಮನಸ್ಸು. ಯಾರೋ ಎಂಟನೆಯವನಿಗಾಗಿ ಇಷ್ಟುದ್ದದ ಕಾಗದ ಬರೆದಿದ್ದೀಯ. ನನಗಾಗಿ ಇಷ್ಟುದ್ದ ಯಾವತ್ತೂ ಬರೆದಿಲ್ಲ!

ಅವರ ಗತಿ ಏನೂ ಆಗುವುದಿಲ್ಲ. ಯಾರೆಂದು ನನಗೇ ಗೊತ್ತಿಲ್ಲ, ಮಿಕ್ಕವರಿಗೆ ಹೇಗೆ ಗೊತ್ತಾಗುತ್ತದೆ? ಸರದಿಗೆಂದು ಯತಿರಾಜ್ ಹೆಸರು ಬರೆದಿಟ್ಟಿದ್ದ ಹಾಳೆಯನ್ನು ನನ್ನ ಕಣ್ಣೆದುರೇ ಹರಿದು ಹಾಕಿಸಿದ್ದೇನೆ. ಎಲ್ಲವೂ ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿದೆ, ಹೊರಗೆ ಹೋಗುವುದಿಲ್ಲ.

ತೆಗೆದುಹಾಕು ಎಂದು ನೀನು ಅಂದೆ. ಅದು ಆಗದು. ಹದಿಮೂರು ಮಂದಿಯೂ ಒಂದೇ ಥರ, ಬೇರೆಯಾಗಿರುವುದು ಅವರೊಬ್ಬರೇ. ನಿಮ್ಮ ಆಳಿನ ಒಳಗಿರುವುದನ್ನೂ ಇದು ಹೇಳುತ್ತದೆ ಎಂದು ಸಾರ್ ಈಗ ಎಲ್ಲ ಫ್ಯಾಕ್ಟರಿಗಳಿಗೂ ಹೇಳುತ್ತಿದ್ದಾರೆ. ಮೊದಲು ನಾವು ಇದನ್ನು ಮಾಡಿದ್ದು ಕಲಿಸುವುದಕ್ಕೆ, ಈಗ ಕೇಳುವವರು ಕೇಳುತ್ತಿರುವುದು ಇದನ್ನೇ. ನನಗೂ ಅದು ಪೂರ್ತಿ ಹಿಡಿಸಿಲ್ಲ. ಆದರೆ ಅಣ್ಣ, ನಿಜವಾಗಿ ಕಣ್ಣು ಕಾಣದ ಮನುಷ್ಯ ಪ್ರೆಸ್ಸಿನ ಹತ್ತಿರ ನಿಲ್ಲುವುದು ಸರಿಯಾ? ಮುತ್ತರಾಯಪ್ಪನ ಬೆರಳು ಹೋದದ್ದೂ ಎರಡು ಗುಂಡಿಯ ಮಿಷನ್ನಿನಲ್ಲೇ ಅಲ್ಲವಾ? ಗೊತ್ತಾದರೆ ಅವರಿಗೇ ಒಳ್ಳೆಯದಲ್ಲವಾ?

ಊರಿನ ಉಸಾಬರಿ ಬಿಟ್ಟು ನಿನ್ನ ವಿಷಯ ಬರೆ. ಪರ್ಮನೆಂಟ್ ಏನಾಯಿತು? ಕೋಳಿಗೆ ವಿಷಯ ಗೊತ್ತಾಯಿತಾ?

ಕೋಮಲಾ


ಕೊಯಮತ್ತೂರು
20 ಮೇ 2007

ಅಣ್ಣನಿಗೆ,

ಹಿಂದಿನ ಕಾಗದಕ್ಕೆ ಉತ್ತರವಿಲ್ಲ. ಫೋನ್ ಮಾಡಿದರೆ ಅತ್ತಿಗೆ ಎತ್ತಿ, ಅವರು ಹೊರಗೆ ಹೋಗಿದ್ದಾರೆ ಅನ್ನುತ್ತಾರೆ. ಯಾವ ಶಿಫ್ಟಿನ ಹೊತ್ತಿಗೆ ಮಾಡಿದರೂ ನೀನು ಹೊರಗೇ ಇರುತ್ತೀಯ. ಎಂಟನೆಯವನ ವಿಷಯಕ್ಕೆ ಕೋಪ ಮಾಡಿಕೊಂಡೆಯಾ? ಒಬ್ಬ ಗುರುತಿಲ್ಲದವನಿಗಾಗಿ ತಂಗಿಯ ಮೇಲೆ ಮುನಿಸಾ?

ನನಗೆ ಸಂಬಳ ಏರಿದೆ. ಅಮ್ಮನಿಗೆ ಹೇಳು.

ಕೋಮಲಾ


ಹೊಸೂರು
3 ಜೂನ್ 2007

ಕೋಮಲಾಗೆ,

ಕೋಪವೂ ಇಲ್ಲ, ಏನೂ ಇಲ್ಲ. ಕೆಲಸ ಜಾಸ್ತಿ. ನನ್ನನ್ನು ಪ್ರೆಸ್ಸಿನಿಂದ ತೆಗೆದು ಸ್ಟೋರಿಗೆ ಹಾಕಿದ್ದಾರೆ. ಹಗಲು ಕೆಲಸ. ಶಬ್ದವಿಲ್ಲ, ಎಣ್ಣೆಯಿಲ್ಲ, ಆರಾಮ. ಕಿವಿಗೆ ನೆಮ್ಮದಿ. ಪರ್ಮನೆಂಟ್ ವಿಷಯ ಮುಂದಕ್ಕೆ ಹೋಗಿದೆ. ಭಾನುವಾರ ಬೇರಿಕೆಗೆ ಹೋಗಿ ವೆಂಕಟಲಕ್ಷ್ಮಿಯ ತವರಿನವರ ಗುಲಾಬಿ ತೋಟ ನೋಡಿಕೊಂಡು ಬರುತ್ತೇವೆ.

ಸಂಬಳ ಏರಿದ್ದು ಸಂತೋಷ. ಅಮ್ಮ ಆರೋಗ್ಯ.

ಭೈರೇಶ


ಕೊಯಮತ್ತೂರು
12 ಆಗಸ್ಟ್ 2007

ಅಣ್ಣ,

ನೀನು ಸ್ಟೋರಿನಲ್ಲಿ ಇಲ್ಲ. ಇವತ್ತು ಬೆಳಿಗ್ಗೆ ಫ್ಯಾಕ್ಟರಿಗೆ ಫೋನ್ ಮಾಡಿದೆ. ಏಪ್ರಿಲ್ ಕೊನೆಯಿಂದ ನೀನು ಅಲ್ಲಿ ಎಲ್ಲೂ ಇಲ್ಲವಂತೆ.

ಯಾಕೆ ಫೋನ್ ಮಾಡಿದೆ ಎಂದು ಹೇಳುತ್ತೇನೆ. ನಿನ್ನೆ ಇಲ್ಲಿ ಮಿಷನ್ನುಗಳ ಪ್ರದರ್ಶನ ಇತ್ತು. ನಮ್ಮದೂ ಒಂದು ಮಳಿಗೆ. ದೊಡ್ಡ ಪರದೆಯ ಮೇಲೆ ಎಂಟನೆಯವರನ್ನು ಹಾಕಿದ್ದರು. ಅಷ್ಟು ದಿನವೂ ನಾನು ಅವರ ತಲೆಯ ಅಂಕಿಗಳನ್ನು ಮಾತ್ರ ನೋಡಿದ್ದೆ, ಮನುಷ್ಯನನ್ನು ನೋಡಿರಲಿಲ್ಲ. ಹಸಿರು ಗೆರೆಗಳಲ್ಲಿ ಬರೆದ ಒಂದು ಆಕೃತಿ. ಮುಖವಿಲ್ಲ, ಬಟ್ಟೆಯಿಲ್ಲ. ಅದು ಬಂದು ಪ್ರೆಸ್ಸಿನ ಮುಂದೆ ನಿಂತಿತು. ಬಗ್ಗಿ ಮುಟ್ಟಿತು. ಎರಡು ಕೈಯನ್ನೂ ಕಣ್ಣಿಗೊತ್ತಿಕೊಂಡಿತು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿತು.

ಶಬ್ದ ಇರಲಿಲ್ಲ. ಆದರೆ ನನಗೆ ಕೇಳಿಸಿತು. ಹತ್ತನೇ ಕ್ಲಾಸಿನ ಪರೀಕ್ಷೆಯ ಬೆಳಿಗ್ಗೆ ಕೇಳಿಸಿದ ಹಾಗೆಯೇ ಕೇಳಿಸಿತು. ಸುತ್ತ ನಿಂತವರು ನಕ್ಕರು, ಒಬ್ಬರು ಚಪ್ಪಾಳೆ ತಟ್ಟಿದರು. ನಾನು ಎದ್ದು ಹೊರಗೆ ಬಂದುಬಿಟ್ಟೆ.

ನಿನ್ನ ಕಣ್ಣಿಗೆ ಏನಾಗಿದೆ? ಯಾವಾಗಿನಿಂದ? ಅತ್ತಿಗೆಗೆ ಗೊತ್ತಾ? ನನಗೆ ಯಾಕೆ ಹೇಳಲಿಲ್ಲ ಅಣ್ಣ? ಒಂದು ಮಾತು ಹೇಳಿದ್ದರೆ ನಾನು ನಿನಗೆ ಆ ಹೆಲ್ಮೆಟ್ ಹಾಕಿಕೊಳ್ಳಲು ಬಿಡುತ್ತಿದ್ದೆನಾ? ಹೇಳಿದ್ದರೆ ಆ ಅಂಕಿಗಳನ್ನು ಸುಟ್ಟು ಹಾಕುತ್ತಿರಲಿಲ್ಲವಾ?

ಇನ್ನೊಂದು ಮಾತು, ಅದನ್ನು ಮುಚ್ಚಿಟ್ಟುಕೊಂಡು ಈ ಕಾಗದ ಮುಗಿಸಲು ಆಗುತ್ತಿಲ್ಲ. ಹೊರಗೆ ಹೋಗುವುದಿಲ್ಲ ಎಂದು ಏಪ್ರಿಲಿನಲ್ಲಿ ಬರೆದೆನಲ್ಲ, ಆ ಹೊತ್ತಿಗೆ ಸಾರ್ ಎಲ್ಲರ ಆಕೃತಿಗಳನ್ನೂ ನಿಮ್ಮ ಫ್ಯಾಕ್ಟರಿಗೆ ಕಳಿಸಲು ಸಿದ್ಧ ಮಾಡಿಸುತ್ತಿದ್ದರು. ನನಗೆ ಗೊತ್ತಿತ್ತು. ಹೆಸರಿಲ್ಲವಲ್ಲ ಎಂದು ಸುಮ್ಮನಾದೆ.

ಬರೆ ಅಣ್ಣ. ಬೈದಾದರೂ ಬರೆ.

ಕೋಮಲಾ


ಹೊಸೂರು
22 ಆಗಸ್ಟ್ 2007

ಕೋಮಲಾ,

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ನಿನ್ನ ಪೆಟ್ಟಿಗೆಯಲ್ಲಿ ನನ್ನ ಹಳೆಯ ಕಾಗದಗಳಿದ್ದರೆ ಏಪ್ರಿಲ್ ತಿಂಗಳದ್ದನ್ನು ತೆಗೆದು ನೋಡು. ಎಂಟನೆಯವನನ್ನು ತೆಗೆದುಹಾಕು ಎಂದು ಕೇಳಿಕೊಂಡಿದ್ದೇನೆ. ಅದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಹೆಸರಿಲ್ಲದವನ ಪರವಾಗಿ ಬೇಡಿದೆ, ನೀನು ಊರಿನ ಉಸಾಬರಿ ಅಂದೆ. ಎಂಟನೆಯವನು ನಿನ್ನ ಅಣ್ಣ ಎಂದು ಗೊತ್ತಿದ್ದರೆ ಸುಟ್ಟು ಹಾಕುತ್ತಿದ್ದೆ ಎಂದೂ ಬರೆದಿದ್ದೀಯ. ಬೇರೆಯವರ ಅಣ್ಣನಾಗಿದ್ದರೆ ಇರಲಿ ಎಂದೇ ತಾನೆ ಅದರ ಅರ್ಥ?

ಏನಾಯಿತು ಎಂದು ತಿಳಿದುಕೋ. ಏಪ್ರಿಲ್ ಕಡೆಯ ವಾರ ಯತಿರಾಜ್ ಎಲ್ಲರನ್ನೂ ಕ್ಯಾಂಟೀನಿಗೆ ಕರೆಸಿ ಗೋಡೆಯ ಮೇಲೆ ನಿನ್ನ ಬೊಂಬೆಗಳನ್ನು ಆಡಿಸಿದ. ಒಂದನೆಯದು, ಎರಡನೆಯದು, ಯಾರಿಗೂ ಯಾರೆಂದು ತಿಳಿಯಲಿಲ್ಲ. ಅಲ್ಲಿಯವರೆಗೆ ನಿನ್ನ ಮಾತು ನಿಂತಿತು. ಎಂಟನೆಯದು ಬಂದು ಮುಟ್ಟಿ, ಕಣ್ಣಿಗೊತ್ತಿಕೊಂಡು, ಎರಡು ಸಲ ತಟ್ಟಿದ್ದೇ ತಡ, ಇಡೀ ಕ್ಯಾಂಟೀನ್ ಎದ್ದು ಕೂಗಿತು.

"ಏ, ನಮ್ ಪೂಜಾರಿ ಕಣ್ಲಾ ಅದು! ಗ್ಯಾರಂಟಿ ಪೂಜಾರಿನೇ!"

ನಾನೂ ನಕ್ಕೆ. ಎಲ್ಲರ ಜೊತೆ ಹಲ್ಲು ಕಿರಿದುಕೊಂಡು ನಕ್ಕೆ. ಆಮೇಲೆ ಗೋಡೆಯ ಮೇಲೆ ತಮಿಳಿನಲ್ಲಿ ಅಕ್ಷರ ಬಂತು, ಎಂಟನೆಯವರಿಗೆ ಎಡಗಡೆಯ ಅಪಾಯ ಕಾಣುವುದಿಲ್ಲ ಎಂದು. ಆಗ ನಗು ನಿಂತಿತು. ಯತಿರಾಜ್ ಕೆಟ್ಟವನಲ್ಲ. ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿ ಹೇಳಿದ.

"ಭೈರೇಶಣ್ಣ, ನಾಳೆ ಒಸಿ ಕಣ್ಣಾಸ್ಪತ್ರೆಗೆ ಹೋಗ್ಬುಟ್ಟು ಬಾ. ಸುಮ್ನೆ ಒಂದ್ ಶಾಸ್ತ್ರಕ್ಕೆ ಅಷ್ಟೇಯ."

ಶಾಸ್ತ್ರ ಮುಗಿಯಿತು. ಎಡಗಣ್ಣಿನ ನರ ಒಣಗುತ್ತಾ ಬಂದಿದೆಯಂತೆ, ಎರಡು ವರ್ಷದಿಂದ ನನಗೇ ಗೊತ್ತಿದ್ದ ವಿಷಯ. ವೆಂಕಟಲಕ್ಷ್ಮಿಗೂ ಹೇಳಿರಲಿಲ್ಲ. ಪರ್ಮನೆಂಟ್ ಆಗಲಿ, ಆಮೇಲೆ ಹೇಳಿಕೊಂಡು ಸ್ಟೋರಿಗೆ ಹಾಕಿ ಎಂದು ಕೇಳೋಣ ಎಂದುಕೊಂಡಿದ್ದೆ. ಪರ್ಮನೆಂಟ್ ಆದವನನ್ನು ಸ್ಟೋರಿಗೆ ಹಾಕುತ್ತಾರೆ. ಕಾಂಟ್ರಾಕ್ಟಿನವನನ್ನು ಗೇಟಿಗೆ ಹಾಕುತ್ತಾರೆ. ನಿನಗೆ ಬರೆದ ಸ್ಟೋರು ಅದೇ, ನಾನು ಆಸೆ ಪಟ್ಟಿದ್ದ ಸ್ಟೋರು.

ಕಣ್ಣು ಕಾಣದವನು ಪ್ರೆಸ್ಸಿನ ಹತ್ತಿರ ನಿಲ್ಲುವುದು ಸರಿಯಾ ಎಂದು ನೀನು ಕೇಳಿದ್ದೆ. ಸರಿಯಲ್ಲ ಇರಬಹುದು. ಮುತ್ತರಾಯಪ್ಪನ ಕೈ ನೋಡಿದವನು ನಾನೂ ಹೌದು, ಆಮೇಲೆ ದಿನಾ ಹೆದರಿಕೊಂಡೇ ನಿಂತಿದ್ದೇನೆ. ಆದರೆ ಅದನ್ನು ಯಾವಾಗ ಹೇಳಬೇಕು, ಯಾರಿಗೆ ಹೇಳಬೇಕು ಎನ್ನುವುದು ನನ್ನದಾಗಿತ್ತು. ನನ್ನ ಕಣ್ಣಿನ ಮಾತನ್ನು ಹೆಂಡತಿಗೆ ಹೇಳುವ ಮೊದಲು ಕ್ಯಾಂಟೀನಿನ ಗೋಡೆ ಹೇಳಿಬಿಟ್ಟಿತು. ಕೂರುತ್ತೀಯಾ ಎಂದು ನೀನು ಕೇಳಿದೆ, ನಾನು ಹೂಂ ಅಂದೆ. ಎದ್ದು ಹೋದ ಮೇಲೆ ನಿನ್ನಿಂದ ಇಷ್ಟು ಸಿಕ್ಕಿದೆ, ಇದನ್ನು ಏನು ಮಾಡಲಿ ಎಂದು ಯಾರೂ ಬಂದು ಕೇಳಲಿಲ್ಲ.

ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಬೇರಿಕೆಗೆ ಹೋಗುತ್ತಿದ್ದೇವೆ. ಮಾವನ ಮನೆಯ ಅನ್ನ ತಿನ್ನುವುದಿಲ್ಲ ಎಂದು ಮದುವೆಯಲ್ಲಿ ಮೀಸೆ ತಿರುವಿದವನು ನಾನು. ಈಗ ಅವರ ತೋಟದಲ್ಲಿ ಗುಲಾಬಿ ಕಟ್ಟು ಕಟ್ಟುತ್ತೇನೆ. ಫ್ಯಾಕ್ಟರಿಯವರು ನನಗೆ ರಜ ಕೊಟ್ಟಿದ್ದಾರೆ ಎಂದು ಅಮ್ಮನಿಗೆ ಹೇಳಿದ್ದೇನೆ.

ನಿನ್ನಿಂದ ಏನೂ ಬೇಡ, ಒಂದು ಬಿಟ್ಟು. ನನ್ನನ್ನು ಅಲ್ಲಿಂದ ತೆಗೆ. ಪೂರ್ತಿ ತೆಗೆಯಲು ಆಗದಿದ್ದರೆ ಆ ನಮಸ್ಕಾರವನ್ನಾದರೂ ತೆಗೆ. ಅದನ್ನು ಮಿಷನ್ನಿಗೆ ಮಾಡಿದ್ದಲ್ಲ, ನಿನಗೆ ಒಳ್ಳೆಯದಾಗಲಿ ಎಂದು ಮಾಡಿದ್ದು. ಅದನ್ನು ನೋಡಿ ಊರವರು ನಗುವುದು ಬೇಡ.

ಭೈರೇಶ


ಕೊಯಮತ್ತೂರು
16 ಸೆಪ್ಟೆಂಬರ್ 2007

ಅಣ್ಣನಿಗೆ,

ನಿನ್ನ ಕಾಗದ ಬಂದ ದಿನವೇ ಸಾರ್ ಹತ್ತಿರ ಹೋದೆ. ಎಂಟನೆಯವರು ನನ್ನ ಅಣ್ಣ ಎಂದೆ. ಅವರಿಗೆ ನಿಜವಾಗಿಯೂ ಬೇಜಾರಾಯಿತು, ಕೂರಿಸಿ ಕಾಫಿ ತರಿಸಿದರು. ಆಮೇಲೆ ಹೇಳಿದರು, ಹದಿನಾಲ್ಕು ಮಂದಿಯೂ ಒಪ್ಪಿ ಸಹಿ ಮಾಡಿದ್ದಾರಲ್ಲಮ್ಮ ಎಂದು. ಆ ಹಾಳೆಯನ್ನು ತರಿಸಿ ಓದಿದೆ. ಎರಡೇ ಸಾಲು ಇತ್ತು, ಸಾಫ್ಟ್‌ವೇರ್ ತಯಾರಿಕೆಗೆ ಸಹಕರಿಸುತ್ತೇನೆ ಎಂದು. ಹಸಿರು ಆಕೃತಿಯನ್ನು ಇನ್ನೊಬ್ಬರಿಗೆ ಕೊಡುತ್ತೇವೆ ಎಂದು ಎಲ್ಲೂ ಇಲ್ಲ, ಕೊಡುವುದಿಲ್ಲ ಎಂದೂ ಇಲ್ಲ. ಆ ಎರಡು ಸಾಲನ್ನು ಬರೆದವಳು ನಾನೇ.

ಕೂತು ಹೊಸದಾಗಿ ಬರೆದೆ. ಏನು ಹಿಡಿಯುತ್ತೇವೆ, ಅದರಿಂದ ಏನೇನು ತಿಳಿಯಬಹುದು, ಯಾರು ನೋಡುತ್ತಾರೆ ಎಂದು ಕೂರುವ ಮೊದಲೇ ಅವರವರ ಭಾಷೆಯಲ್ಲಿ ಹೇಳಬೇಕು. ಕೆಲಸಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಹಿಡಿಯಬಾರದು. ಕೂತವರು ಬೇಡ ಅಂದ ದಿನ ಅಳಿಸಬೇಕು. ಕೆಲಸ ಕೊಡುವವನ ಕೈಗೆ ಯಾವತ್ತೂ ಕೊಡಬಾರದು. ಸಾರ್ ಓದಿ, ತುಂಬಾ ಚೆನ್ನಾಗಿದೆ, ಮುಂದಿನ ಆರ್ಡರ್ ಮುಗಿಯಲಿ ಅಂದರು. ಅದು ಅವರ ಮೇಜಿನ ಮೇಲೆ ಟೀ ಲೋಟದ ಕೆಳಗೆ ಇದೆ.

ನಿನ್ನನ್ನು ತೆಗೆಯಲು ಬಿಡಲಿಲ್ಲ, ಅಣ್ಣ. ಮಾರಾಟವಾಗುತ್ತಿರುವುದೇ ನಿನ್ನಿಂದ. ಪುಣೆಗೆ ಹೋಗಿದ್ದೀಯ, ಚೆನ್ನೈಗೆ ಹೋಗಿದ್ದೀಯ, ಇನ್ನೂ ಎಲ್ಲೆಲ್ಲಿಗೋ ಹೋಗಿದ್ದೀಯ. ಅಲ್ಲಿಗೆ ಹೋದದ್ದನ್ನು ಯಾರೂ ವಾಪಸ್ ತರಲಾರರು. ನಮಸ್ಕಾರವನ್ನು ಕತ್ತರಿಸಲೇ ಎಂದು ಕೇಳಿದೆ. ತಕ್ಷಣ ಒಪ್ಪಿದರು. "ಅದು ಹೇಗೂ ವೇಸ್ಟು, ತೆಗೆದುಬಿಡಿ" ಎಂದರು.

ನಾನೇ ಕೂತು ತೆಗೆದೆ. ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಇಲ್ಲಿಂದ ಮುಂದೆ ಹೋಗುವುದರಲ್ಲಿ ಎಂಟನೆಯವನು ಬಂದವನೇ ನೇರವಾಗಿ ಗುಂಡಿ ಒತ್ತುತ್ತಾನೆ. ಯಾರಿಗೂ ಗುರುತು ಸಿಗುವುದಿಲ್ಲ. ಮತ್ತೆ ಮತ್ತೆ ಹಾಕಿ ನೋಡಿದೆ, ನನಗೂ ಸಿಗಲಿಲ್ಲ. ಎಡಕ್ಕೆ ತಿರುಗುವುದು ಮಾತ್ರ ಉಳಿದಿದೆ.

ಕೆಲಸ ಬಿಡುತ್ತೇನೆ ಎಂದು ಬರೆಯಲು ಕೂತೆ. ಬರೆಯಲಿಲ್ಲ. ನಿನ್ನ ಕಣ್ಣಿಗೂ ಅಮ್ಮನಿಗೂ ಈಗ ನನ್ನ ಸಂಬಳವೇ ಗತಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು, ನೆಪವೂ ಹೌದು. ಮಧುರೈಯಲ್ಲಿ ಒಳ್ಳೆಯ ಕಣ್ಣಿನ ಡಾಕ್ಟರು ಇದ್ದಾರಂತೆ, ಬರುತ್ತೀಯಾ? ನಾನು ಕರೆದುಕೊಂಡು ಹೋಗುತ್ತೇನೆ.

ನನ್ನನ್ನು ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ತಿದ್ದಿಸಿದ ಅಕ್ಷರದಲ್ಲೇ ಅದನ್ನು ಬರೆಯಬೇಕಲ್ಲ.

ಕೋಮಲಾ


ಬೇರಿಕೆ
24 ಅಕ್ಟೋಬರ್ 2007

ಕೋಮಲಾಗೆ,

ನಿನ್ನ ಕಾಗದ ಹೊಸೂರಿಗೆ ಹೋಗಿ, ಅಲ್ಲಿ ಸುತ್ತಾಡಿ ಇಲ್ಲಿಗೆ ಬಂತು. ಇನ್ನು ಮೇಲೆ ಬೇರಿಕೆಯ ವಿಳಾಸಕ್ಕೇ ಬರೆ.

ಮಧುರೈಗೆ ಬರುವುದಿಲ್ಲ. ಹೋದದ್ದು ಬರುವುದಿಲ್ಲ, ಇರುವುದಕ್ಕೆ ಇಲ್ಲಿಯ ಡಾಕ್ಟರು ಹನಿ ಕೊಟ್ಟಿದ್ದಾರೆ. ಹಣ ಕಳಿಸಬೇಡ. ವೆಂಕಟಲಕ್ಷ್ಮಿ ಹೇಳಿದರೂ ಕಳಿಸಬೇಡ.

ಮೊನ್ನೆ ಆಯುಧಪೂಜೆ ಆಯಿತು. ಶೆಡ್ಡಿನಲ್ಲಿ ಕತ್ತರಿ, ಸ್ಪ್ರೇಯರು, ತೂಕದ ಮಿಷನ್ ಎಲ್ಲಕ್ಕೂ ಕುಂಕುಮ ಇಟ್ಟು ಬೂದುಗುಂಬಳ ಒಡೆದರು. ನನ್ನ ಕತ್ತರಿಯನ್ನೂ ಇಡು ಎಂದರು, ಇಟ್ಟೆ. ಮುಟ್ಟಿ ಕಣ್ಣಿಗೊತ್ತಿಕೊಳ್ಳಲಿಲ್ಲ. ಬೇಕೆಂದು ಮಾಡಿದ್ದಲ್ಲ, ಕೈ ಮೇಲೆ ಏಳಲಿಲ್ಲ. ಯಾರೂ ಗಮನಿಸಲೂ ಇಲ್ಲ, ಇಲ್ಲಿ ನನ್ನನ್ನು ಪೂಜಾರಿ ಎಂದು ಕರೆಯುವವರಿಲ್ಲ.

ಇಷ್ಟು ದಿನ ನಿನ್ನ ಕಾಗದಗಳನ್ನು ಅಮ್ಮನಿಗೆ ನನಗೆ ಬೇಕಾದ ಹಾಗೆ ತಿದ್ದಿ ಓದುತ್ತಿದ್ದೆ. ಈ ಸಲ ಒಂದು ಸಾಲೂ ಬಿಡದೆ ಓದಿದೆ. ಹೂವಿನ ದಂಟು ಬಿಡಿಸುತ್ತಾ ಕೇಳಿಸಿಕೊಂಡಳು. ಅಳಲಿಲ್ಲ. ನಿನ್ನನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಕೈಯಲ್ಲಿದ್ದ ಕಟ್ಟು ಮುಗಿಸಿ ಕೇಳಿದಳು.

"ಅಂಗಾದ್ರೆ ಅವ್ಳ ಮಿಸನ್ನಾಗೆ ನೀನು ಇನ್ನೂವೆ ಪ್ರೆಸ್ ಓಡಿಸ್ತಾನೇ ಇದ್ದೀಯಾ?"

"ಊಂ ಕಣಮ್ಮ" ಅಂದೆ.

"ಎಂಗಿದ್ದೀಯಪ್ಪಾ ಅಲ್ಲಿ?"

ನೀನು ಕೇಳಬೇಕಾಗಿದ್ದ ಪ್ರಶ್ನೆ ಅದು. ನಿನ್ನ ಬದಲು ಅವಳು ಕೇಳಿದಳು, ಅದಕ್ಕೇ ಉತ್ತರವನ್ನು ನಿನಗೂ ಬರೆದು ಕಳಿಸುತ್ತಿದ್ದೇನೆ.

"ಚೆನ್ನಾಗಿದ್ದೀನಮ್ಮ. ಅಲ್ಲಿ ನನ್ನನ್ನ ಕೆಲ್ಸದಿಂದ ತೆಗ್ದಿಲ್ಲ."

ಭೈರೇಶ